ಮ್ಯಾಟ್‌ನಲ್ಲಿ ವಾಯಿದೆ ಎಣಿಸುವುದು ಹೇಗೆ: ಸರ್ಕಾರದ ಪರ ವಕೀಲಿ ಕಲಿಯುವವರಿಗೆ ಒಂದು ಟಿಪ್ಪಣಿ

ಮುಂಬಯಿಯಲ್ಲಿ ಸರ್ಕಾರದ ಪರ ವಾದಿಸುವ ವಕೀಲರೊಬ್ಬರ ಹತ್ತಿರ ನಾನು ಜೂನಿಯರ್. ನೌಕರಿಗೆ ಸಂಬಂಧಿಸಿದ ಕೇಸುಗಳೇ ನಮ್ಮಲ್ಲಿ ಜಾಸ್ತಿ. ಕಳೆದ ತಿಂಗಳು ಒಂದು ಉತ್ತರದ ಅಫಿಡವಿಟ್‌ನ ಕರಡು ಬರೆಯುವಾಗ ವಾಯಿದೆಯ, ಅಂದರೆ ಅರ್ಜಿ ಹಾಕಲು ಕಾನೂನು ಕೊಡುವ ಗಡುವಿನ, ಲೆಕ್ಕ ತಪ್ಪಿಸಿದೆ. ಅರ್ಜಿದಾರ ತಡವಾಗಿ ಬಂದಿದ್ದರೂ 'ವಾಯಿದೆಯೊಳಗೇ ಇದೆ' ಎಂದು ಷರಾ ಬರೆದುಬಿಟ್ಟೆ. ಇಲಾಖೆ ಕೊಟ್ಟ ಕೊನೆಯ ಪತ್ರದ ತಾರೀಖಿನಿಂದ ಎಣಿಸಿದ್ದೇ ತಪ್ಪಿಗೆ ಕಾರಣ. ಸೀನಿಯರ್ ಫೈಲ್ ತಿರುವಿ ಒಂದೇ ಪ್ರಶ್ನೆ ಕೇಳಿದರು: "ಈ ಪತ್ರ ಯಾವುದಕ್ಕೆ ಉತ್ತರ?" ಆ ಪ್ರಶ್ನೆ ಅರ್ಥ ಆಗೋಕೆ ನನಗೆ ಎರಡು ವಾರ ಬೇಕಾಯಿತು. ಮಾಟುಂಗದಲ್ಲಿ ಭಾನುವಾರ ಸೇರುವ ನಮ್ಮ ಓದಿನ ಗುಂಪಿಗಾಗಿ, ನನ್ನ ತಲೆಯಲ್ಲೂ ಗಟ್ಟಿಯಾಗಿ ಕೂರಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ಯಾರು ಎಲ್ಲಿಗೆ

ಇದು ನಿಮಗೆ ಗೊತ್ತಿರುವುದೇ, ಹಾಗಾಗಿ ಬೇಗ ಮುಗಿಸುತ್ತೇನೆ. ಮಹಾರಾಷ್ಟ್ರ ರಾಜ್ಯ ಸರ್ಕಾರಿ ನೌಕರರ ಸೇವಾ ವಿವಾದಗಳು ಮಹಾರಾಷ್ಟ್ರ ಆಡಳಿತ ನ್ಯಾಯಮಂಡಳಿಗೆ, ಅಂದರೆ ಮ್ಯಾಟ್‌ಗೆ ಹೋಗುತ್ತವೆ. ಕರ್ನಾಟಕದಲ್ಲಿ ಕೆಎಸ್‌ಎಟಿ ಇದ್ದ ಹಾಗೆ. 1985ರ ಆಡಳಿತ ನ್ಯಾಯಮಂಡಳಿ ಕಾಯ್ದೆ ಇದಕ್ಕೆ ಆಧಾರ. ಮ್ಯಾಟ್ ಶುರುವಾದದ್ದು 1991ರಲ್ಲಿ. ಅಲ್ಲಿ ಸರ್ಕಾರದ ಪರ ನಿಲ್ಲುವವರನ್ನು ಪ್ರೆಸೆಂಟಿಂಗ್ ಆಫೀಸರ್ ಎನ್ನುತ್ತಾರೆ. ಹೈಕೋರ್ಟ್‌ನಲ್ಲಾದರೆ ಗವರ್ನಮೆಂಟ್ ಪ್ಲೀಡರ್, ಎಜಿಪಿ (ಅಸಿಸ್ಟೆಂಟ್ ಗವರ್ನಮೆಂಟ್ ಪ್ಲೀಡರ್). ಸುಪ್ರೀಂ ಕೋರ್ಟ್‌ನ 1997ರ ಎಲ್. ಚಂದ್ರಕುಮಾರ್ ತೀರ್ಪಿನ ನಂತರ ಮ್ಯಾಟ್ ಆದೇಶವನ್ನು ಬಾಂಬೆ ಹೈಕೋರ್ಟ್‌ನ ದ್ವಿಸದಸ್ಯ ಪೀಠದ ಮುಂದೆ ಪ್ರಶ್ನಿಸಬಹುದು.

ಮುಂಬಯಿ ಮಹಾನಗರ ಪಾಲಿಕೆಯ ನೌಕರ ಮ್ಯಾಟ್‌ಗೆ ಬರುವುದಿಲ್ಲ. ಕೋರ್ಟುಗಳ ಸಿಬ್ಬಂದಿಯೂ ವಿಧಾನಮಂಡಲದ ಸಚಿವಾಲಯದ ಸಿಬ್ಬಂದಿಯೂ ಬರುವುದಿಲ್ಲ. ಕಾರ್ಮಿಕ ಎನಿಸಿಕೊಳ್ಳುವವರಿಗೆ ಲೇಬರ್ ಕೋರ್ಟ್, ಇಂಡಸ್ಟ್ರಿಯಲ್ ಕೋರ್ಟ್ ದಾರಿ ಬೇರೆ ಇದೆ. ಅಲ್ಲಿಯ ವಾಯಿದೆಯೂ ಬೇರೆ. ಮಹಾರಾಷ್ಟ್ರದ 1971ರ ಕಾಯ್ದೆಯಡಿ (ನಾವೆಲ್ಲ ಬಾಯಲ್ಲಿ 'ಪಲ್ಪ್' ಎನ್ನುವುದು ಅದನ್ನೇ) ಅನುಚಿತ ಕಾರ್ಮಿಕ ಪದ್ಧತಿಯ ದೂರನ್ನು 90 ದಿನದೊಳಗೆ ಕೊಡಬೇಕು. ಆ 90 ದಿನವನ್ನು ಮ್ಯಾಟ್ ಲೆಕ್ಕಕ್ಕೆ ತರಬೇಡಿ.

ಒಂದು ವರ್ಷ, ಮತ್ತು ಆ ಆರು ತಿಂಗಳು

ನಾನು ಎಡವಿದ್ದು ಇಲ್ಲೇ. 1985ರ ಕಾಯ್ದೆಯ 20 ಮತ್ತು 21ನೇ ಕಲಂಗಳನ್ನು ಅಕ್ಕಪಕ್ಕ ಇಟ್ಟುಕೊಂಡೇ ಓದಬೇಕು. ಒಂದನ್ನೇ ಓದಿದರೆ ಲೆಕ್ಕ ಕೂಡುವುದಿಲ್ಲ.

20ನೇ ಕಲಂ ಹೇಳುವುದು: ಸೇವಾ ನಿಯಮದಲ್ಲಿ ಮೇಲ್ಮನವಿಯಂಥ ಪರಿಹಾರ ಇದ್ದರೆ ಮೊದಲು ಅದನ್ನು ಬಳಸಿ, ಆಮೇಲೆ ಇಲ್ಲಿಗೆ ಬನ್ನಿ. ಮೇಲ್ಮನವಿಗೆ ಆರು ತಿಂಗಳಾದರೂ ಉತ್ತರ ಬರದಿದ್ದರೆ ಕಾಯಬೇಕಾಗಿಲ್ಲ, ಆ ಪರಿಹಾರ ಮುಗಿಯಿತು ಎಂದೇ ಲೆಕ್ಕ. 21ನೇ ಕಲಂ ಹೇಳುವುದು: ಅಂತಿಮ ಆದೇಶ ಬಂದಿದ್ದರೆ ಅದರಿಂದ ಒಂದು ವರ್ಷ. ಆದೇಶ ಬರದೇ ಇದ್ದರೆ ಆ ಆರು ತಿಂಗಳು ಮುಗಿದ ದಿನದಿಂದ ಒಂದು ವರ್ಷ.

ತಾರೀಖು ಹಾಕಿ ನೋಡೋಣ. ಒಬ್ಬ ಗುಮಾಸ್ತರಿಗೆ 10 ಮಾರ್ಚ್ 2022ರಂದು ವಾರ್ಷಿಕ ವೇತನ ಬಡ್ತಿ ತಡೆಹಿಡಿದು ಶಿಕ್ಷೆಯ ಆದೇಶ ಬಂತು. 1979ರ ಮಹಾರಾಷ್ಟ್ರ ನಾಗರಿಕ ಸೇವಾ ಶಿಸ್ತು ಮತ್ತು ಮೇಲ್ಮನವಿ ನಿಯಮಗಳ ಪ್ರಕಾರ ಅವರು 10 ಏಪ್ರಿಲ್‌ಗೆ ಮೇಲ್ಮನವಿ ಹಾಕಿದರು.

ಮೇಲಧಿಕಾರಿ 1 ಆಗಸ್ಟ್ 2022ಕ್ಕೆ ಮೇಲ್ಮನವಿ ತಳ್ಳಿಹಾಕಿದರು ಅಂದುಕೊಳ್ಳಿ. ಆಗ 1 ಆಗಸ್ಟ್ 2023ರೊಳಗೆ ಮ್ಯಾಟ್‌ಗೆ ಬರಬೇಕು. ಶಿಕ್ಷೆಯ ಆದೇಶದ ತಾರೀಖಾದ 10 ಮಾರ್ಚ್‌ನಿಂದ ಎಣಿಸುವುದಲ್ಲ. ಅರ್ಜಿಯ ಒಂದೊಂದು ಪ್ಯಾರಾಕ್ಕೂ ಇಲಾಖೆಯವರು ಬರೆದು ಕಳಿಸುವ ಟಿಪ್ಪಣಿಯಲ್ಲಿ ಎಷ್ಟೋ ಸಲ ಮೊದಲ ಆದೇಶದಿಂದಲೇ ಎಣಿಸಿರುತ್ತಾರೆ. ಅದನ್ನು ಹಾಗೇ ಅಫಿಡವಿಟ್‌ಗೆ ಇಳಿಸಿದರೆ ಎದುರು ವಕೀಲರು ಒಂದೇ ಮಾತಿನಲ್ಲಿ ಬೀಳಿಸುತ್ತಾರೆ.

ಈಗ, ಮೇಲ್ಮನವಿಗೆ ಉತ್ತರವೇ ಬರಲಿಲ್ಲ ಅಂದುಕೊಳ್ಳಿ. 10 ಏಪ್ರಿಲ್‌ನಿಂದ ಆರು ತಿಂಗಳು ಅಂದರೆ 10 ಅಕ್ಟೋಬರ್ 2022. ಅಲ್ಲಿಂದ ಒಂದು ವರ್ಷ, 10 ಅಕ್ಟೋಬರ್ 2023. ಒಟ್ಟು ಹದಿನೆಂಟು ತಿಂಗಳು, ಆದರೆ ಎಣಿಕೆ ಶುರು ಮೇಲ್ಮನವಿ ಹಾಕಿದ ದಿನದಿಂದ. ನಾನು ಮೊದಲು ಈ ಹದಿನೆಂಟನ್ನು ಶಿಕ್ಷೆಯ ಆದೇಶದಿಂದ ಎಣಿಸುತ್ತಿದ್ದೆ, ಒಂದು ತಿಂಗಳು ತಪ್ಪುತ್ತಿತ್ತು. ಕಾಗದದ ಮೇಲೆ ಮೂರು ಗೆರೆ ಎಳೆದು ಆದೇಶ, ಮೇಲ್ಮನವಿ, ಉತ್ತರ ಎಂದು ಬರೆದುಕೊಳ್ಳಿ. ಮೂರನೇ ಗೆರೆಯ ಮುಂದೆ ತಾರೀಖು ಇದ್ದರೆ ಅದಕ್ಕೆ ಒಂದು ವರ್ಷ ಕೂಡಿಸಿ. ಖಾಲಿ ಇದ್ದರೆ ಎರಡನೇ ಗೆರೆಗೆ ಹದಿನೆಂಟು ತಿಂಗಳು ಕೂಡಿಸಿ. ಡೊಂಬಿವಲಿ ಲೋಕಲ್‌ನಲ್ಲಿ ನಿಂತುಕೊಂಡೇ ನಾನು ಈಗ ಇದನ್ನು ಮಾಡುತ್ತೇನೆ.

ಇನ್ನೊಂದು ಮಾತು. ಕೋವಿಡ್ ಕಾಲದ 15 ಮಾರ್ಚ್ 2020ರಿಂದ 28 ಫೆಬ್ರವರಿ 2022ರವರೆಗಿನ ದಿನಗಳನ್ನು ಸುಪ್ರೀಂ ಕೋರ್ಟ್ ವಾಯಿದೆಯ ಎಣಿಕೆಯಿಂದ ಬಿಟ್ಟಿದೆ. ಹಳೆಯ ಫೈಲ್ ಆದರೆ ಇದನ್ನು ಮರೆಯಬೇಡಿ.

ಮನವಿಯ ಮೇಲೆ ಮನವಿ

ಈಗ ಸೀನಿಯರ್ ಕೇಳಿದ ಪ್ರಶ್ನೆಗೆ ಬರೋಣ. ಅದೇ ಗುಮಾಸ್ತರು 2024ರಲ್ಲಿ ಇನ್ನೊಂದು ಮನವಿ ಕೊಟ್ಟರು. 2025ರಲ್ಲಿ ಮತ್ತೊಂದು. ಇಲಾಖೆ ಕೊನೆಗೆ 'ನಿಮ್ಮ ಮನವಿಯನ್ನು ಪರಿಗಣಿಸಲಾಗದು' ಎಂದು ಒಂದು ಸಾಲಿನ ಪತ್ರ ಕಳಿಸಿತು. ಅರ್ಜಿದಾರರ ವಕೀಲರು ಆ ಪತ್ರವನ್ನೇ ಪ್ರಶ್ನಿಸಿ, ಅದರಿಂದ ಒಂದು ವರ್ಷ ಎಣಿಸುತ್ತಾರೆ. ನಾನು ಮೋಸಹೋಗಿದ್ದು ಇಂಥದ್ದೇ ಪತ್ರಕ್ಕೆ.

ನಿಯಮದಲ್ಲಿ ಹೇಳಿರುವ ಮೇಲ್ಮನವಿ ಬೇರೆ, ನೌಕರ ತಾನಾಗಿ ಕೊಡುವ ಮನವಿ ಬೇರೆ. 1989ರ ಎಸ್.ಎಸ್. ರಾಠೋಡ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್‌ನ ಏಳು ನ್ಯಾಯಮೂರ್ತಿಗಳ ಪೀಠ ಇದನ್ನು ಬಿಡಿಸಿ ಹೇಳಿದೆ. ನಿಯಮದ ಮೇಲ್ಮನವಿಯಾದರೆ ಅದರ ಆದೇಶದಿಂದ ಎಣಿಕೆ. ನಿಯಮದಲ್ಲಿ ಇಲ್ಲದ ಮನವಿಯನ್ನು ಎಷ್ಟು ಸಲ ಕೊಟ್ಟರೂ ವಾಯಿದೆ ಬೆಳೆಯುವುದಿಲ್ಲ. 2008ರ ಸಿ. ಜೇಕಬ್ ತೀರ್ಪು ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಸತ್ತುಹೋದ ಹಕ್ಕಿನ ಬಗ್ಗೆ ಇಲಾಖೆ ಈಗ ಉತ್ತರ ಕೊಟ್ಟಿತು ಎಂದ ಮಾತ್ರಕ್ಕೆ ಅದಕ್ಕೆ ಜೀವ ಬರುವುದಿಲ್ಲ. 2010ರ ಎಂ.ಕೆ. ಸರ್ಕಾರ್ ತೀರ್ಪಿನ ಪ್ರಕಾರ, ತಡವಾದ ಮನವಿಯನ್ನು ಕೋರ್ಟ್ ಹೇಳಿದ್ದಕ್ಕೇ ಪರಿಗಣಿಸಿ ಉತ್ತರಿಸಿದ್ದರೂ ಆ ಉತ್ತರದ ತಾರೀಖು ಹೊಸ ವಾಯಿದೆ ಕೊಡುವುದಿಲ್ಲ.

ಹಾಗಾಗಿ ಫೈಲ್‌ನಲ್ಲಿ ಇಲಾಖೆಯ ಯಾವ ಪತ್ರ ಸಿಕ್ಕಿದರೂ ಅದರ ಮೇಲೆ ಪೆನ್ಸಿಲ್‌ನಲ್ಲಿ ಬರೆಯಿರಿ: ಇದು ಯಾವುದಕ್ಕೆ ಉತ್ತರ? ಮೇಲ್ಮನವಿಗೋ, ಸುಮ್ನೆ ಕೊಟ್ಟ ಮನವಿಗೋ? ಮರಾಠಿ ಪತ್ರಗಳಲ್ಲಿ 'ಅಪೀಲ್' ಎಂದಿದೆಯೋ 'ವಿನಂತಿ ಅರ್ಜ್' ಎಂದಿದೆಯೋ ನೋಡಿ. ಹೆಸರನ್ನೇ ಪೂರ್ತಿ ನಂಬಬೇಡಿ, ನಿಯಮದಲ್ಲಿ ಜಾಗ ಇದೆಯಾ ಎಂದು ಹುಡುಕಿ.

ಮಳೆಯೋ, ಮರದ ಹನಿಯೋ

ಗುಂಪಿನ ಸೊಲ್ಲಾಪುರದ ಗೆಳತಿ ಕೇಳಿದಳು: "ಆ ಗುಮಾಸ್ತರಿಗೆ ಪ್ರತಿ ತಿಂಗಳೂ ಸಂಬಳ ಕಡಿಮೆ ಬರುತ್ತಲ್ಲಾ. ಹಾಗಾದರೆ ಪ್ರತಿ ತಿಂಗಳೂ ಹೊಸ ಅನ್ಯಾಯ ಅಲ್ವಾ?" ತುಂಬಾ ಒಳ್ಳೆಯ ಪ್ರಶ್ನೆ. ಇಡೀ ವಿಷಯದಲ್ಲಿ ನನಗೆ ಅತಿ ಇಷ್ಟವಾದ ಭಾಗವೂ ಇದೇ.

ಉತ್ತರದ ಬೇರು ಪುಣೆ ಹತ್ತಿರದ ಆಳಂದಿಯಲ್ಲಿದೆ. ಜ್ಞಾನೇಶ್ವರರ ಸಮಾಧಿ ಇರುವ ದೇವಸ್ಥಾನದ ಗುರವರು (ಪೂಜಾರಿಗಳು) ತಮ್ಮ ವಂಶಪಾರಂಪರ್ಯದ ಹಕ್ಕಿಗಾಗಿ ಸಂಸ್ಥಾನದ ಮೇಲೆ ಹೂಡಿದ ದಾವೆ 1959ರಲ್ಲಿ ಸುಪ್ರೀಂ ಕೋರ್ಟ್‌ನಲ್ಲಿ ತೀರ್ಮಾನವಾಯಿತು. ಮುಂದುವರಿಯುವ ತಪ್ಪು ಎಂದರೇನು ಎಂದು ಅಲ್ಲಿ ವಿವರಿಸಲಾಯಿತು. ಒಂದು ಕೆಲಸದಿಂದ ಆಗಬೇಕಾದ ಹಾನಿ ಅಂದೇ ಪೂರ್ತಿ ಆಗಿಹೋಗಿದ್ದರೆ, ಅದರ ಪರಿಣಾಮ ಎಷ್ಟು ವರ್ಷ ಉಳಿದರೂ ಅದು ಮುಂದುವರಿಯುವ ತಪ್ಪಲ್ಲ. ತಪ್ಪೇ ಮತ್ತೆ ಮತ್ತೆ ನಡೆಯುತ್ತಿದ್ದರೆ ಮಾತ್ರ ಮುಂದುವರಿಯುವ ತಪ್ಪು.

ಮಳೆ ನಿಂತರೂ ಮರದ ಹನಿ ನಿಲ್ಲುವುದಿಲ್ಲ ಎನ್ನುತ್ತೇವಲ್ಲ, ನಾನು ನೆನಪಿಟ್ಟುಕೊಂಡಿರುವುದು ಹಾಗೆ. ಮಳೆಯೇ ಪ್ರತಿ ತಿಂಗಳೂ ಸುರಿಯುತ್ತಿದೆಯಾ, ಅಥವಾ ಎಂದೋ ಸುರಿದ ಮಳೆಗೆ ಮರ ಇನ್ನೂ ತೊಟ್ಟಿಕ್ಕುತ್ತಿದೆಯಾ? ಗುಮಾಸ್ತರ ಶಿಕ್ಷೆಯ ಆದೇಶ ಒಂದೇ ದಿನದ ಮಳೆ. ಕಡಿಮೆ ಸಂಬಳ ಅದರ ಹನಿ. ಆದೇಶವನ್ನು ವಾಯಿದೆಯೊಳಗೆ ಪ್ರಶ್ನಿಸದೆ ಹನಿಯನ್ನು ತೋರಿಸಿದರೆ ಆಗದು. ಜ್ಯೇಷ್ಠತೆ, ಬಡ್ತಿಯ ಕೇಸುಗಳೂ ಹೀಗೇ. ವರ್ಷಗಟ್ಟಲೆ ಬಿಟ್ಟು ಬಂದರೆ ಆ ಹುದ್ದೆಯಲ್ಲಿ ಆಗಲೇ ಕೂತವರ ಹಕ್ಕು ಕದಲುತ್ತದೆ.

ಶಿಕ್ಷೆ ಇಲ್ಲ, ಯಾವ ಆದೇಶವೂ ಇಲ್ಲ, ಆದರೆ ಇಲಾಖೆ ವೇತನವನ್ನೇ ನಿಯಮಕ್ಕೆ ವಿರುದ್ಧವಾಗಿ ನಿಗದಿ ಮಾಡಿ ಪ್ರತಿ ತಿಂಗಳೂ ಕಡಿಮೆ ಕೊಡುತ್ತಿದೆ ಅಂದುಕೊಳ್ಳಿ. ಇಲ್ಲಿ ಮಳೆಯೇ ಸುರಿಯುತ್ತಿದೆ. 1995ರ ಎಂ.ಆರ್. ಗುಪ್ತಾ ತೀರ್ಪು ಹೇಳಿದ್ದು ಇದನ್ನೇ: ನೌಕರಿಯಲ್ಲಿ ಇರುವವರೆಗೆ, ತಪ್ಪು ಲೆಕ್ಕದ ಸಂಬಳ ಬಂದ ಪ್ರತಿ ತಿಂಗಳೂ ದೂರಿಗೆ ಹೊಸ ಕಾರಣ. ಪಿಂಚಣಿಯೂ ಹಾಗೇ.

ಅಫಿಡವಿಟ್ ಬರೆಯುವಾಗ

ಮರದ ಹನಿಯ ಕೇಸು ಆದರೆ ವಾಯಿದೆಯ ಆಕ್ಷೇಪವನ್ನು ಮೊದಲ ಪ್ಯಾರಾದಲ್ಲೇ, ತಾರೀಖುಗಳ ಸಮೇತ ಬರೆಯಿರಿ. ಅರ್ಜಿದಾರರು ತಡವನ್ನು ಮನ್ನಿಸಿ ಎಂದು 21(3)ರ ಕೆಳಗೆ ಬೇರೆ ಅರ್ಜಿ ಹಾಕಿದ್ದಾರಾ ನೋಡಿ. ಹಾಕಿದ್ದರೆ ಅದಕ್ಕೆ ಪ್ರತ್ಯೇಕ ಉತ್ತರ ಬೇಕು. ಅವರು ಕೊಟ್ಟ ಕಾರಣ ನಿಜವಾದದ್ದಾದರೆ, ಉದಾಹರಣೆಗೆ ಆಸ್ಪತ್ರೆಯಲ್ಲಿ ಇದ್ದರು ಎಂದಾದರೆ, ಸುಮ್ನೆ ಅಲ್ಲಗಳೆಯಬೇಡಿ. ಸರ್ಕಾರದ ಮಾತಿಗೆ ಪೀಠ ಕೊಡುವ ತೂಕ ಉಳಿಯಬೇಕು.

ಮಳೆಯ ಕೇಸು ಆದರೆ ಇಲಾಖೆ ಎಷ್ಟೇ ಒತ್ತಾಯಿಸಿದರೂ ವಾಯಿದೆಯ ಮೇಲೆ ಇಡೀ ಭಾರ ಹಾಕಬೇಡಿ. ಅಲ್ಲಿ ನಮಗೆ ಉಳಿಯುವ ನ್ಯಾಯವಾದ ವಾದ, ಹಿಂದಿನ ಎಷ್ಟು ವರ್ಷದ ಬಾಕಿ ಹಣ ಕೊಡಬೇಕು ಎಂಬ ಮಿತಿ ಮಾತ್ರ. 2008ರ ತಾರ್ಸೆಮ್ ಸಿಂಗ್ ಕೇಸಿನಲ್ಲಿ ಸೈನಿಕರೊಬ್ಬರು 1983ರಲ್ಲಿ ಅಂಗವೈಕಲ್ಯದಿಂದ ಸೇವೆ ಬಿಟ್ಟು, ಪಿಂಚಣಿಗಾಗಿ ಹೈಕೋರ್ಟ್‌ಗೆ ಹೋದದ್ದು 1999ರಲ್ಲಿ. ಸುಪ್ರೀಂ ಕೋರ್ಟ್ ಅವರ ಪಿಂಚಣಿಯನ್ನು ಕಿತ್ತುಕೊಳ್ಳಲಿಲ್ಲ. ಬಾಕಿಯನ್ನು ಮಾತ್ರ ಅರ್ಜಿ ಹಾಕುವುದಕ್ಕೆ ಹಿಂದಿನ ಮೂರು ವರ್ಷಕ್ಕೆ ಸೀಮಿತಗೊಳಿಸಿತು. ನಾನು ತಪ್ಪು ಮಾಡಿದ ಆ ಫೈಲ್‌ನಲ್ಲಿ ಇದ್ದದ್ದು ಎರಡು ಬೇಡಿಕೆ, ಒಂದು ಶಿಕ್ಷೆಯ ಆದೇಶ ರದ್ದಾಗಬೇಕು ಎಂದು, ಇನ್ನೊಂದು ವೇತನ ನಿಗದಿ ಸರಿಯಾಗಬೇಕು ಎಂದು. ತಿದ್ದಿದ ಕರಡಿನಲ್ಲಿ ಮೊದಲನೆಯದಕ್ಕೆ ವಾಯಿದೆಯ ಆಕ್ಷೇಪ ಬರೆದೆ. ಎರಡನೆಯದಕ್ಕೆ, ನಿಗದಿಯನ್ನು ಮತ್ತೆ ಪರಿಶೀಲಿಸಲು ಇಲಾಖೆ ಸಿದ್ಧ, ಬಾಕಿ ಮೂರು ವರ್ಷಕ್ಕೆ ಮೀರಬಾರದು ಎಂದು ಬರೆದು, ಇಲಾಖೆಯ ಒಪ್ಪಿಗೆಗೆ ಕಳಿಸಿದ್ದೇನೆ.