ಕೋಟೆಯ ಬುಡದಲ್ಲಿ ಮೂರು ಸೇತುವೆ, ನದಿಯ ಅಡಿಯಲ್ಲಿ ಒಂದು ಸುರಂಗ

ಉತ್ತರ ವೇಲ್ಸ್‌ನ ಕಾನ್ವಿಯಲ್ಲಿ ಕೋಟೆಯ ಚಿತ್ರ ತೆಗೆಯಲು ಹೊರಟರೆ ಜೊತೆಗೆ ಸೇತುವೆಗಳೂ ಬರುತ್ತವೆ. ಮೂರೂ ಕೋಟೆಗೆ ಒತ್ತಿಕೊಂಡೇ ನಿಂತಿವೆ. ಹೀಗೇಕೆ ಎಂಬುದಕ್ಕೆ ಏಳು ಶತಮಾನದ ಹಿಂದಕ್ಕೆ ಹೋಗಬೇಕು.

ನದಿ ದಾಟುವ ಜಾಗವನ್ನು ಕೈಯಲ್ಲಿಟ್ಟುಕೊಳ್ಳಲೆಂದೇ ಇಂಗ್ಲೆಂಡಿನ ದೊರೆ ಒಂದನೇ ಎಡ್ವರ್ಡ್ 1283ರಲ್ಲಿ ಇಲ್ಲಿ ಕೋಟೆ ಆರಂಭಿಸಿದ. ವೇಲ್ಸ್‌ನ ಅರಸರು ಪೋಷಿಸಿದ್ದ ಮಠವನ್ನು ಅದಕ್ಕಾಗಿ ಎಬ್ಬಿಸಿ ಬೇರೆಡೆಗೆ ಕಳುಹಿಸಲಾಯಿತು. ಎಂಟು ಬುರುಜುಗಳ ಕೋಟೆ, ಊರಿನ ಸುತ್ತ 1.3 ಕಿ.ಮೀ. ಗೋಡೆ, ಒಳಗೆ ಇಂಗ್ಲಿಷ್ ವಲಸಿಗರು. ಮುಂದಿನ ಐನೂರು ವರ್ಷ ಜನ ದೋಣಿಯಲ್ಲೇ ನದಿ ದಾಟಿದರು.

ಐರ್ಲೆಂಡಿನ ಕಡೆಗೆ ಓಡುವ ಅಂಚೆ ಗಾಡಿಗಳ ಅವಸರ ಆ ಸ್ಥಿತಿಯನ್ನು ಬದಲಿಸಿತು. ಎಂಜಿನಿಯರ್ ಥಾಮಸ್ ಟೆಲ್‌ಫೋರ್ಡ್ 1826ರಲ್ಲಿ ತೂಗುಸೇತುವೆ ಕಟ್ಟಿದ. ಅದರ ಕಂಬಗಳಿಗೆ ಕೋಟೆಯ ಬುರುಜಿನದೇ ರೂಪ ಕೊಟ್ಟ. ಆ ವಿನಯ ಇಂದಿಗೂ ಕಣ್ಣಿಗೆ ಹಿತ. 1848ರಲ್ಲಿ ರಾಬರ್ಟ್ ಸ್ಟೀಫನ್‌ಸನ್ನನ ಕಬ್ಬಿಣದ ಕೊಳವೆ ಸೇತುವೆ ಬಂತು, ರೈಲಿಗಾಗಿ ಊರಗೋಡೆಯಲ್ಲೇ ಕಮಾನು ತೆರೆಯಿತು. 1958ರಲ್ಲಿ ಮೂರನೆಯದು, ವಾಹನಗಳ ರಸ್ತೆ ಸೇತುವೆ, ಬಂದಾಗ ಟೆಲ್‌ಫೋರ್ಡನ ಸೇತುವೆಯನ್ನು ಕೆಡವುವ ಮಾತೂ ಎದ್ದಿತ್ತು. ಅದು ಉಳಿದು, 1965ರಲ್ಲಿ ಪಾರಂಪರಿಕ ತಾಣಗಳನ್ನು ಕಾಪಾಡುವ ಸಂಸ್ಥೆಯಾದ ನ್ಯಾಷನಲ್ ಟ್ರಸ್ಟ್‌ನ ಕೈಸೇರಿತು.

ಆದರೆ ಹೊಸ ಸೇತುವೆ ಸುರಿದ ವಾಹನಗಳೆಲ್ಲ ನುಗ್ಗಿದ್ದು ಕುದುರೆಗಾಡಿಯ ಕಾಲದ ಓಣಿಗಳಿಗೆ. ಬೇಸಿಗೆ ಬಂತೆಂದರೆ ಊರೇ ಕಟ್ಟಿಕೊಳ್ಳುತ್ತಿತ್ತು. ಮತ್ತೊಂದು ಸೇತುವೆಯೇ ಪರಿಹಾರವೆಂದು ವಾದಿಸಿದವರಿಗೂ ರಸ್ತೆ ಬೇಗ ಬೇಕೆಂಬ ನ್ಯಾಯವಾದ ಕಾರಣವಿತ್ತು. ಕೊನೆಗೆ ಗೆದ್ದದ್ದು ನೀರಡಿಯ ದಾರಿ. 1986ರಲ್ಲಿ, ಕೋಟೆ ಯುನೆಸ್ಕೋ ಪಟ್ಟಿಗೆ ಸೇರಿದ ವರ್ಷವೇ, ಕೆಲಸ ಶುರುವಾಯಿತು. ಬೆಟ್ಟ ಕೊರೆದಂತೆ ಇದನ್ನು ಕೊರೆಯಲಿಲ್ಲ. ದಡದಲ್ಲಿ ದೊಡ್ಡ ಹೊಂಡ ತೋಡಿ, ತಲಾ 118 ಮೀಟರ್ ಉದ್ದದ ಆರು ಕಾಂಕ್ರೀಟ್ ತುಂಡುಗಳನ್ನು ಅದರೊಳಗೆ ಎರಕ ಹೊಯ್ದರು. ಹೊಂಡಕ್ಕೆ ನೀರು ಬಿಟ್ಟು, ಎರಡೂ ತುದಿ ಮುಚ್ಚಿದ್ದ ತುಂಡುಗಳನ್ನು ತೇಲಿಸಿ ಒಯ್ದು, ನದಿಯ ತಳದಲ್ಲಿ ತೋಡಿದ್ದ ಕಾಲುವೆಗೆ ಇಳಿಸಿ, ಒಂದಕ್ಕೊಂದು ಜೋಡಿಸಿದರು. 1991ರಲ್ಲಿ ಸಂಚಾರ ಆರಂಭವಾಯಿತು. ಬ್ರಿಟನ್ನಿನಲ್ಲಿ ಇಂಥದ್ದು ಅದೇ ಮೊದಲು. ಈ ಬುದ್ಧಿ ಮೂವತ್ತು ವರ್ಷ ಮೊದಲೇ ಬಂದಿದ್ದರೆ ಎಂದು ನನಗೆ ಪ್ರತಿ ಸಲವೂ ಅನಿಸುತ್ತದೆ.

ಈಗ ಟೆಲ್‌ಫೋರ್ಡನ ಸೇತುವೆಯ ಮೇಲೆ ನಡೆದೇ ಹೋಗಬಹುದು. ಗೋಡೆಯ ಮೇಲಿನ ನಡಿಗೆ, 16ನೇ ಶತಮಾನದ ಪ್ಲಾಸ್ ಮೌರ್ ಮನೆ, ಬಂದರಿನ ಅಂಚಿನಲ್ಲಿ ಒಬ್ಬರು ಕೈ ಚಾಚಿದಷ್ಟೇ ಅಗಲದ ಕೆಂಪು ಬಣ್ಣದ ಪುಟ್ಟ ಮನೆ, ಎಲ್ಲವೂ ಕಾಲ್ನಡಿಗೆಯ ದೂರದಲ್ಲಿವೆ. ಸುರಂಗದ ತುಂಡುಗಳನ್ನು ಎರಕ ಹೊಯ್ದ ಹೊಂಡದಲ್ಲಿ ಇಂದು ಹಾಯಿದೋಣಿಗಳು ಲಂಗರು ಹಾಕಿವೆ.