ಹಸಿರು ಗುರುತಿನ ಜಮಾಖರ್ಚು

ನೋಟ್‌ಬುಕ್ಕಿನ ಹಿಂಬದಿಯಲ್ಲಿ ಪುಟ್ಟ ಮರದ ಗುರುತು, ಜೊತೆಗೆ ‘ಮಿಕ್ಸ್’ ಎಂಬ ಪದ. ಅದನ್ನು ಕಂಡೊಡನೆ, ಈ ಹಾಳೆ ಜೋಪಾನ ಮಾಡಿದ ಕಾಡಿನಿಂದಲೇ ಬಂದಿದೆ ಎಂದು ಎಷ್ಟೋ ಮಂದಿ ನಂಬಿಬಿಡುತ್ತಾರೆ. ಓದಿ ತಿಳಿದವರೂ ಹೀಗೆಂದರೆ ನನಗೆ ಸುಮ್ಮನಿರಲಾಗುವುದಿಲ್ಲ. ಆ ಹಾಳೆಯಲ್ಲಿ ಅಂಥ ಕಾಡಿನ ಒಂದು ನಾರೂ ಇಲ್ಲದಿರಬಹುದು. ಮೋಸವಾಗಿದೆಯೆಂದಲ್ಲ, ನಿಯಮವೇ ಅದಕ್ಕೆ ಅವಕಾಶ ಕೊಡುತ್ತದೆ.

ಗುರುತು ಫಾರೆಸ್ಟ್ ಸ್ಟೀವರ್ಡ್‌ಶಿಪ್ ಕೌನ್ಸಿಲ್‌ನದು (ಎಫ್‌ಎಸ್‌ಸಿ). ಜೋಪಾನವಾಗಿ ನೋಡಿಕೊಂಡ ಕಾಡುಗಳಿಗೆ ಇದರ ನಿಯಮದಂತೆ ಪ್ರಮಾಣಪತ್ರ ಸಿಗುತ್ತದೆ. 1992ರ ರಿಯೊ ಶೃಂಗಸಭೆಯಲ್ಲಿ ಕಾಡುಗಳ ಬಗ್ಗೆ ದೇಶಗಳನ್ನು ಕಟ್ಟಿಹಾಕುವ ಒಪ್ಪಂದ ಕೈಗೂಡಲಿಲ್ಲ. ಮರುವರ್ಷವೇ ಪರಿಸರವಾದಿಗಳು, ಮರದ ವ್ಯಾಪಾರಿಗಳು, ಮೂಲನಿವಾಸಿಗಳ ಪ್ರತಿನಿಧಿಗಳು ಟೊರಾಂಟೊದಲ್ಲಿ ಸೇರಿ ಇದನ್ನು ಕಟ್ಟಿದರು. ಇದರ ಮತದಾನದ ಏರ್ಪಾಡು ನನಗೆ ಬಲು ಇಷ್ಟ. ಪರಿಸರ, ಸಮಾಜ, ವ್ಯಾಪಾರ ಎಂದು ಮೂರು ಸದನ, ಮೂರಕ್ಕೂ ಸಮಪಾಲು. ಪ್ರತಿ ಸದನದೊಳಗೂ ಶ್ರೀಮಂತ ಉತ್ತರಕ್ಕೆ ಅರ್ಧ, ದಕ್ಷಿಣದ ದೇಶಗಳಿಗೆ ಅರ್ಧ. ವ್ಯಾಪಾರಿಗಳು ಎಷ್ಟು ಸದಸ್ಯರನ್ನು ತುಂಬಿದರೂ ಅವರ ಪಾಲು ಹಿಗ್ಗುವುದಿಲ್ಲ.

ಈಗ ಲೆಕ್ಕಕ್ಕೆ ಬರೋಣ. ಕಾಗದದ ಕಾರ್ಖಾನೆಗೆ 100 ಟನ್ ಮರದ ತಿರುಳು ಬಂತೆನ್ನಿ. 40 ಟನ್ ಪ್ರಮಾಣೀಕೃತ ಕಾಡಿನದು, ಉಳಿದ 60 ಟನ್ ‘ನಿಯಂತ್ರಿತ ಮರ’ದ್ದು, ಅಂದರೆ ಪ್ರಮಾಣಪತ್ರವಿಲ್ಲದಿದ್ದರೂ ಕೆಲವು ಕನಿಷ್ಠ ಷರತ್ತು ದಾಟಿದ ಮರದ್ದು. ಎಲ್ಲವೂ ಒಂದೇ ತೊಟ್ಟಿಗೆ ಬಿದ್ದು ಕಲಸಿಹೋಗುತ್ತದೆ. ಖಾತೆಯಲ್ಲಿ ಮಾತ್ರ 40 ಟನ್ ಜಮಾ ಆಗುತ್ತದೆ. ಅಷ್ಟರಿಂದ ಆಗುವಷ್ಟು ಹಾಳೆಗೆ ಗುರುತು ಒತ್ತಿ ಮಾರಬಹುದು. ಬ್ಯಾಂಕಿಗೆ ಕಟ್ಟಿದ ನೋಟೇ ನಮ್ಮ ಕೈಗೆ ವಾಪಸು ಬರುವುದಿಲ್ಲ, ಮೊತ್ತ ಬರುತ್ತದೆ, ಇದೂ ಹಾಗೆಯೇ. ಜಮಾ 24 ತಿಂಗಳೊಳಗೆ ಖರ್ಚಾಗದಿದ್ದರೆ ರದ್ದು. ಅಷ್ಟರೊಳಗೆ ಬರೀ ನಿಯಂತ್ರಿತ ಮರದಿಂದ ಮಾಡಿದ ಹಾಳೆಗೂ ಆ ಜಮೆಯಿಂದ ಗುರುತು ಬೀಳಬಹುದು. ಈ ಅನುಕೂಲವಿಲ್ಲದಿದ್ದರೆ ಪ್ರತಿ ಸಲವೂ ಯಂತ್ರ ನಿಲ್ಲಿಸಿ, ತೊಳೆದು, ಬೇರೆಯಾಗಿ ಓಡಿಸಬೇಕು. ಆಗ ಸಣ್ಣ ಕಾಡಿನ ಒಡೆಯನ ಮರವನ್ನು ಕೊಳ್ಳುವವರು ಯಾರು?

ನನ್ನ ತಕರಾರು ಆ 60 ಟನ್ನಿನ ಬಗ್ಗೆ. ಅದು ಕಳ್ಳನಾಟಾ ಆಗಿರಬಾರದು, ಜನರ ಹಕ್ಕು ತುಳಿದು ತಂದದ್ದಾಗಿರಬಾರದು, ಕುಲಾಂತರಿ ಮರದ್ದಾಗಿರಬಾರದು ಎಂಬ ಷರತ್ತುಗಳೇನೋ ಇವೆ. ಆದರೆ ಬಹಳಷ್ಟು ಸಲ ಪ್ರದೇಶವಾರು ಅಪಾಯದ ಅಂದಾಜಿನ ಮೇಲೆಯೇ ಅದು ತೇರ್ಗಡೆಯಾಗುತ್ತದೆ. ತಪಾಸಣೆಗೆ ಬರುವವರ ಶುಲ್ಕ ಕೊಡುವುದೂ ತಪಾಸಣೆಗೊಳಗಾಗುವ ಕಂಪನಿಯೇ.

ನೆಡುತೋಪುಗಳದ್ದು ಇನ್ನೂ ಜಟಿಲ. ಸಹಜ ಕಾಡನ್ನು 1994ರ ನವೆಂಬರ್ ನಂತರ ಕಡಿದು ಬೆಳೆಸಿದ ತೋಪಿಗೆ ಸಾಮಾನ್ಯವಾಗಿ ಪ್ರಮಾಣಪತ್ರ ಸಿಗುತ್ತಿರಲಿಲ್ಲ. 2023ರಲ್ಲಿ ಜಾರಿಯಾದ ನೀತಿ ಆ ಗಡಿಯನ್ನು 2020ರ ಅಂತ್ಯಕ್ಕೆ ಸರಿಸಿತು. ನಡುವಿನ ವರ್ಷಗಳಲ್ಲಿ ಕಡಿದವರು ಹಾನಿ ತುಂಬಿಕೊಟ್ಟರೆ ಒಳಗೆ ಬರಬಹುದು. ಪರಿಸರ ಸಂಘಟನೆ ಗ್ರೀನ್‌ಪೀಸ್ ಇಂಟರ್‌ನ್ಯಾಷನಲ್ ಅದಕ್ಕೂ ಮೊದಲೇ, 2018ರಲ್ಲಿ, ಎಫ್‌ಎಸ್‌ಸಿಯಿಂದ ಹೊರಬಿದ್ದಿತ್ತು.

ಪ್ರಯೋಗಾಲಯದಲ್ಲಿ ಪರೀಕ್ಷಿಸಬಾರದೇ ಎನ್ನುವಿರಾ? ಸ್ವಲ್ಪಮಟ್ಟಿಗೆ ಆಗುತ್ತದೆ. ಮರದೊಳಗಿನ ಆಮ್ಲಜನಕದ ಐಸೊಟೋಪುಗಳ (ಒಂದೇ ಧಾತುವಿನ ಬೇರೆ ಬೇರೆ ತೂಕದ ಪರಮಾಣುಗಳ) ಅನುಪಾತದಲ್ಲಿ ಅದು ಹೀರಿದ ಮಳೆನೀರಿನ ಛಾಯೆ ಉಳಿದಿರುತ್ತದೆ, ಹಾಗಾಗಿ ನಾಟಾ ಬಂದ ಪ್ರದೇಶದ ಸುಳಿವು ಸಿಗುತ್ತದೆ. ಹಾಳೆಯ ನಾರನ್ನು ಸೂಕ್ಷ್ಮದರ್ಶಕದಲ್ಲಿಟ್ಟು ಅಕೇಶಿಯವೋ ಬೇರೆ ಜಾತಿಯ ಮರವೋ ಎಂದು ಗುರುತಿಸಲೂಬಹುದು. ಆದರೆ ಆ ಮರವನ್ನು ಯಾರ ಒಪ್ಪಿಗೆ ಪಡೆದು ಕಡಿದರು ಎಂದು ತಿಳಿಯಲು ಮತ್ತೆ ಕಾಗದಪತ್ರವನ್ನೇ ತೆರೆಯಬೇಕು.