ಹತ್ತು ತಟ್ಟೆಗೆ ಎರಡು ಬಾಟಲಿ

"ಹಮ್ಮಸ್‌ಗೆ ಯಾವ ವೈನ್? ಫೆಟಾ ಚೀಸ್‌ಗೆ ಯಾವುದು? ಸುಟ್ಟ ಬದನೆಗೆ?" ನಾಲ್ಕು ಜನರನ್ನು ಮನೆಗೆ ಕರೆದು ಮೆಡಿಟರೇನಿಯನ್ ಶೈಲಿಯ ತಿಂಡಿ ಇಡಬೇಕೆಂದುಕೊಂಡವರು ನನ್ನ ಬಳಿ ಹೀಗೆ ಪಟ್ಟಿ ಹಿಡಿದೇ ಬರುತ್ತಾರೆ. ವೈನ್ ಆರಿಸಿ ಬಡಿಸುವುದೇ ನನ್ನ ಕಸುಬು. ಆದರೂ ಆ ಪಟ್ಟಿಗೆ ಸಾಲುಸಾಲಾಗಿ ಉತ್ತರ ಹೇಳಲು ನನಗೆ ಮನಸ್ಸಿಲ್ಲ. ಗ್ರೀಸ್, ಟರ್ಕಿ, ಲೆಬನಾನ್ ಕಡೆಯ ಮೆಜೆ ಆಗಲಿ, ಸ್ಪೇನಿನ ತಪಾಸ್ ಆಗಲಿ, ಇಟಲಿಯ ಆಂಟಿಪಾಸ್ತಿ ಆಗಲಿ, ಇಂಥ ಸಣ್ಣಸಣ್ಣ ತಿಂಡಿಗಳ ಕೂಟದಲ್ಲಿ ತಟ್ಟೆಗಳೆಲ್ಲ ಒಟ್ಟಿಗೇ ಮೇಜಿಗೆ ಬರುತ್ತವೆ. ಬಂದವರು ಆಲಿವ್ ಒಂದನ್ನು ಬಾಯಿಗೆ ಹಾಕಿಕೊಂಡು, ಬ್ರೆಡ್ ಚೂರನ್ನು ಹಮ್ಮಸ್ ಎಂಬ ಅರೆದ ಕಾಬೂಲಿ ಕಡಲೆಯ ಗೊಜ್ಜಿಗೆ ಅದ್ದಿ, ಮಾತಿನ ಮಧ್ಯೆ ಚೀಸ್ ಕಡೆ ಕೈ ಚಾಚುತ್ತಾರೆ. ತುತ್ತಿಗೊಂದು ಗ್ಲಾಸ್ ಬದಲಿಸುವವರು ಯಾರೂ ಇಲ್ಲ. ಇಡೀ ಮೇಜಿಗೆ ಒಗ್ಗುವ ಎರಡು ಬಗೆಯ ವೈನ್ ಸಿಕ್ಕರೆ ಕೆಲಸ ಮುಗಿಯಿತು.

ಅದು ಸಿಗುತ್ತದೆ ಕೂಡ. ಏಕೆಂದರೆ ಹೆಸರು ಬೇರೆಬೇರೆಯಾದರೂ ಈ ತಿಂಡಿಗಳ ರುಚಿಯ ಬುಡ ಒಂದೇ: ಉಪ್ಪು, ಹುಳಿ, ಆಲಿವ್ ಎಣ್ಣೆ, ಬೆಳ್ಳುಳ್ಳಿ. ಆಲಿವ್ ಮತ್ತು ಫೆಟಾ ಎರಡೂ ಉಪ್ಪುನೀರಿನಲ್ಲಿ ನೆನೆದು ಬಂದವು. ಹಮ್ಮಸ್‌ಗೂ ಸುಟ್ಟ ಬದನೆಯ ಬಾಬಾ ಗನೂಷ್‌ಗೂ ನಿಂಬೆರಸ ಬೇಕೇ ಬೇಕು. ಸೌತೆಕಾಯಿಯ ಝಝಿಕಿಯಲ್ಲಿ ಮೊಸರಿನ ಹುಳಿ, ಸುಟ್ಟ ಬ್ರೆಡ್ಡಿನ ಬ್ರುಸ್ಕೆಟ್ಟಾದ ಮೇಲೆ ಟೊಮೆಟೊ ಹುಳಿ. ಉಪ್ಪು ವೈನ್‌ನ ಹುಳಿಯನ್ನೂ ಕಹಿಯನ್ನೂ ತಗ್ಗಿಸಿ ಹಣ್ಣಿನ ಸ್ವಾದವನ್ನು ಮುಂದೆ ತರುತ್ತದೆ. ಹಾಗಾಗಿ ಉಪ್ಪಿನ ತಿಂಡಿ ವೈನ್‌ಗೆ ಸಾಮಾನ್ಯವಾಗಿ ಗೆಳೆಯನೇ. ಹುಳಿಯ ಲೆಕ್ಕ ಬೇರೆ. ತಿಂಡಿಯ ಹುಳಿ ವೈನ್‌ನ ಹುಳಿಗಿಂತ ಜೋರಾದರೆ, ದುಬಾರಿ ಬಾಟಲಿಯೂ ಬಾಯಲ್ಲಿ ನೀರುನೀರಾಗಿ, ಸಪ್ಪೆಯಾಗಿ ಹರಿದುಹೋಗುತ್ತದೆ. ಎಣ್ಣೆಯ ಜಿಡ್ಡನ್ನು ನಾಲಿಗೆಯಿಂದ ತೊಳೆಯುವುದೂ ವೈನ್‌ನ ಹುಳಿಯೇ. ಬಾಟಲಿ ಆರಿಸುವಾಗ ಬಣ್ಣ, ದೇಶ, ಬೆಲೆ ಎಲ್ಲಕ್ಕಿಂತ ಮೊದಲು ನಾನು ನೋಡುವುದು ಅದರ ಹುಳಿ ಚುರುಕಾಗಿದೆಯೇ ಎಂಬುದನ್ನು.

ಮೊದಲನೆಯ ಬಾಟಲಿ ಸಿಹಿಯಿಲ್ಲದ, ಓಕ್ ಪೀಪಾಯಿಯ ವಾಸನೆ ಹತ್ತದ ಬಿಳಿ ವೈನ್. ನನ್ನ ಮಟ್ಟಿಗೆ ಈ ಮೇಜಿನ ರಾಜ ಗ್ರೀಸಿನ ಸ್ಯಾಂಟೊರಿನಿ ದ್ವೀಪದ ಅಸಿರ್ಟಿಕೊ. ಜ್ವಾಲಾಮುಖಿಯ ಬೂದಿ ನೆಲ, ಬೀಸುವ ಗಾಳಿ, ಕೆಂಡದಂಥ ಬಿಸಿಲು. ಅಲ್ಲಿನ ರೈತರು ಬಳ್ಳಿಯನ್ನು ನೆಲದ ಮೇಲೆಯೇ ಬುಟ್ಟಿಯಂತೆ ಸುತ್ತಿ ಬೆಳೆಸುತ್ತಾರೆ. ಗೊಂಚಲು ಆ ಬುಟ್ಟಿಯೊಳಗೆ ಬಚ್ಚಿಟ್ಟುಕೊಂಡು ಬಲಿಯುತ್ತದೆ. ಅಷ್ಟು ಬಿಸಿಲಿನಲ್ಲಿ ಮಾಗಿದರೂ ಹುಳಿ ಕಳೆದುಕೊಳ್ಳದಿರುವುದು ಈ ದ್ರಾಕ್ಷಿಯ ದೊಡ್ಡ ಗುಣ. ನಿಂಬೆ ಸಿಪ್ಪೆಯ ಘಮ, ಕೊನೆಯಲ್ಲಿ ಉಪ್ಪು ಸವರಿದಂಥ ರುಚಿ. ಫೆಟಾ ಜೊತೆ ಒಮ್ಮೆ ಕುಡಿದು ನೋಡಿ. ಫೆಟಾ ಕುರಿ ಹಾಲಿನದ್ದು, ಬೇಕಾದರೆ ಶೇ. 30ರವರೆಗೆ ಆಡಿನ ಹಾಲು ಬೆರೆಸಬಹುದು. ಆ ಹಾಲಿನ ಘಾಟಿಗೆ ಮೆತ್ತಗಿನ ವೈನ್ ಸೋತುಬಿಡುತ್ತದೆ.

ಅಸಿರ್ಟಿಕೊ ಸಿಗಲಿಲ್ಲವೇ? ಸಾರ್ಡಿನಿಯಾದ ವೆರ್ಮೆಂಟಿನೊ, ದಕ್ಷಿಣ ಫ್ರಾನ್ಸಿನ ಪಿಕ್‌ಪುಲ್ ದ ಪಿನೇ, ಸ್ಪೇನಿನ ಅಲ್ಬರಿನ್ಯೊ ಅಥವಾ ವೆರ್ದೆಹೊ, ಯಾವುದಾದರೂ ನಡೆಯುತ್ತದೆ. ಇವೂ ಇಲ್ಲದಿದ್ದರೆ ಸೊವಿನ್ಯೊನ್ ಬ್ಲಾಂಕ್. ಬೆಣ್ಣೆ, ವೆನಿಲ್ಲಾ ವಾಸನೆಯ ದಪ್ಪ ಶಾರ್ಡೊನೆಯನ್ನು ಮಾತ್ರ ಈ ಮೇಜಿಗೆ ತರಬೇಡಿ. ಬೆಳ್ಳುಳ್ಳಿ ಮತ್ತು ಓಕ್ ಬಾಯೊಳಗೆ ಜಗಳಕ್ಕೆ ನಿಲ್ಲುತ್ತವೆ.

ಎರಡನೆಯದು ಡ್ರೈ ರೋಸೆ, ಅಂದರೆ ಸಿಹಿಯಿಲ್ಲದ ಗುಲಾಬಿ ವೈನ್. ಗುಲಾಬಿ ಬಣ್ಣ ಕಂಡೊಡನೆ ಇದು ಸಿಹಿ ಪಾನೀಯವೆಂದು ಮೂಗು ಮುರಿಯುವವರು ಇನ್ನೂ ಇದ್ದಾರೆ. ಫ್ರಾನ್ಸಿನ ಪ್ರೊವಾನ್ಸ್‌ನಲ್ಲಿ ತಯಾರಾಗುವ ವೈನ್‌ನಲ್ಲಿ ಬಹುಪಾಲು ರೋಸೆಯೇ, ಅದರಲ್ಲಿ ಸಿಹಿಯ ಸುಳಿವೂ ಇರುವುದಿಲ್ಲ. ಗ್ರೆನಾಶ್, ಸಾನ್ಸೊ ಮುಂತಾದ ಕಪ್ಪು ದ್ರಾಕ್ಷಿಯ ರಸಕ್ಕೆ ಸಿಪ್ಪೆಯ ಸಹವಾಸ ಕೆಲವೇ ಗಂಟೆ. ಬಣ್ಣ ಇಳಿಯುತ್ತದೆ, ಒಗರು ಇಳಿಯುವಷ್ಟು ಹೊತ್ತಿರುವುದಿಲ್ಲ. ಅದಕ್ಕೇ ಬಿಳಿ ವೈನ್ ಕೈಚೆಲ್ಲುವ ತಟ್ಟೆಗಳನ್ನು ರೋಸೆ ನಿಭಾಯಿಸುತ್ತದೆ: ಸುಟ್ಟ ಕೆಂಪು ದೊಣ್ಣೆಮೆಣಸು, ಅಕ್ರೋಟ್ ಅರೆದು ಮಾಡಿದ ಮುಹಮ್ಮರಾ, ಕುರಿಮಾಂಸದ ಕೋಫ್ತಾ, ಐಯೊಲಿ ಎಂಬ ಬೆಳ್ಳುಳ್ಳಿ ಸಾಸ್. ಒಂದೇ ಬಗೆ ಸಾಕು ಎನ್ನುವವರಿಗೆ ನಾನು ಹೇಳುವುದು ರೋಸೆಯನ್ನೇ.

ಇನ್ನು ಪುಂಡರ ವಿಚಾರ. ಪ್ರತಿ ಮೇಜಿನಲ್ಲೂ ವೈನ್‌ನ ರುಚಿ ಕೆಡಿಸುವ ಒಂದೆರಡು ತಟ್ಟೆ ಇದ್ದೇ ಇರುತ್ತವೆ. ಅವುಗಳನ್ನು ಮೊದಲೇ ಗುರುತಿಸಿಕೊಂಡರೆ ಅರ್ಧ ತಲೆನೋವು ಕಡಿಮೆ.

ಹೂಮೊಗ್ಗನ್ನೇ ತರಕಾರಿಯಾಗಿ ತಿನ್ನುವ ಆರ್ಟಿಚೋಕ್ ಅವುಗಳಲ್ಲಿ ಕುಖ್ಯಾತ. ಅದನ್ನು ತಿಂದ ಮೇಲೆ ಬರೀ ನೀರು ಕೂಡ ಸಿಹಿಯೆನಿಸುತ್ತದೆ. ಎಲ್ಲರಿಗೂ ಹಾಗಾಗುವುದಿಲ್ಲ, ಅನೇಕರಿಗೆ ಆಗುತ್ತದೆ. ರುಚಿಯ ಸಂಶೋಧಕಿ ಲಿಂಡಾ ಬಾರ್ಟೊಶುಕ್ ಮತ್ತು ಸಂಗಡಿಗರು 1972ರಲ್ಲಿ ಇದನ್ನು ಪ್ರಯೋಗದಿಂದ ತೋರಿಸಿದರು. ಆರ್ಟಿಚೋಕ್‌ನಲ್ಲಿರುವ ಸೈನರಿನ್ ಮತ್ತು ಕ್ಲೋರೊಜೆನಿಕ್ ಆಮ್ಲ ನಾಲಿಗೆಯನ್ನು ಹೀಗೆ ಏಮಾರಿಸುತ್ತವೆ. ನೀರಿಗೇ ಈ ಗತಿ ಬಂದರೆ ವೈನ್ ಏನಾದೀತು! ಹಣ್ಣಿನ ರುಚಿ ಹುಸಿ ಸಿಹಿಯಲ್ಲಿ ಮುಳುಗುತ್ತದೆ, ಕೆಂಪು ವೈನಾದರೆ ಲೋಹ ನೆಕ್ಕಿದಂತಾಗುತ್ತದೆ. ಆರ್ಟಿಚೋಕ್ ಇಡಲೇಬೇಕೆಂದಿದ್ದರೆ ಬೇಯಿಸಿ, ಕಾದ ಹೆಂಚಿನಲ್ಲಿ ಕಂದು ಬಣ್ಣ ಬರುವಂತೆ ಸುಟ್ಟು, ಧಾರಾಳವಾಗಿ ನಿಂಬೆ ಹಿಂಡಿ ಉಪ್ಪು ಉದುರಿಸಿ. ಆ ಸಿಹಿಯ ಉಪದ್ರವ ಬಹಳಷ್ಟು ಇಳಿಯುತ್ತದೆ.

ಆಂಚೊವಿ, ಸಾರ್ಡೀನ್‌ನಂಥ ಎಣ್ಣೆ ಮೀನು ಇನ್ನೊಂದು ಪೀಡೆ. ಮೀನಿಗೆ ಕೆಂಪು ವೈನ್ ಸಲ್ಲದು ಎಂಬ ಹಳೆಯ ಮಾತಿಗೆ ಎಲ್ಲರೂ ಒಗರನ್ನೇ ದೂರುತ್ತಿದ್ದರು. 2009ರಲ್ಲಿ ಜಪಾನಿನ ಸಂಶೋಧಕರು ಸ್ಕಾಲಪ್ ಚಿಪ್ಪುಮೀನಿನ ಜೊತೆ ಹಲವು ವೈನ್‌ಗಳನ್ನು ಪರೀಕ್ಷಿಸಿದಾಗ ಬೇರೊಬ್ಬ ಅಪರಾಧಿ ಸಿಕ್ಕಿಬಿದ್ದ: ವೈನ್‌ನಲ್ಲಿರುವ ಕಬ್ಬಿಣ. ಅದು ಹೆಚ್ಚಿದ್ದಷ್ಟೂ ಬಾಯಲ್ಲಿ ಉಳಿಯುವ ಮೀನಿನ ನಾತ ಹೆಚ್ಚು. ಕಬ್ಬಿಣದ ಪ್ರಮಾಣ ಮಣ್ಣು, ಉಪಕರಣ, ತಯಾರಿಕೆಗೆ ತಕ್ಕಂತೆ ಬದಲಾಗುತ್ತದೆ, ಲೇಬಲ್ ಮೇಲೆ ಬರೆದಿರುವುದಿಲ್ಲ. ಕೆಲವು ಕೆಂಪು ವೈನ್ ಮೀನಿನೊಡನೆ ಯಾವ ತಕರಾರೂ ಇಲ್ಲದೆ ಹೊಂದುವುದು ಇದರಿಂದಲೇ. ಬಾಟಲಿ ನೋಡಿ ಹೇಳಲಾಗದ ಮೇಲೆ ಆಂಚೊವಿ ಎದುರು ಕೆಂಪು ಸುರಿದು ಅದೃಷ್ಟ ಪರೀಕ್ಷೆ ಮಾಡುವುದೇಕೆ?

ಇವೆರಡನ್ನೂ ಪಳಗಿಸುವ ಒಂದು ವೈನ್ ಇದೆ. ದಕ್ಷಿಣ ಸ್ಪೇನಿನ ಹೆರೆಸ್ ಪಟ್ಟಣದ ಫಿನೊ ಶೆರ್ರಿ, ಇಲ್ಲವೇ ಪಕ್ಕದ ಸಮುದ್ರ ದಂಡೆಯ ಸಾನ್ಲೂಕರ್‌ನ ಮಂಜನಿಯ್ಯಾ. ಪೀಪಾಯಿಯಲ್ಲಿ ವೈನ್‌ನ ಮೇಲೆ ಫ್ಲೋರ್ ಎಂಬ ಯೀಸ್ಟ್ ಪದರ ಕೆನೆಯಂತೆ ಕಟ್ಟಿಕೊಂಡು ಒಳಗಿನ ವೈನ್‌ಗೆ ಗಾಳಿ ತಾಗದಂತೆ ಕಾಯುತ್ತದೆ. ವೈನ್‌ಗೆ ನುಣುಪು ಕೊಡುವ ಗ್ಲಿಸರಾಲನ್ನೂ ತಿಂದುಹಾಕುತ್ತದೆ. ಉಳಿಯುವುದು ಒಂದಿಷ್ಟೂ ಸಿಹಿಯಿಲ್ಲದ, ಬಾದಾಮಿ ಮತ್ತು ಹಸಿ ಹಿಟ್ಟಿನ ವಾಸನೆಯ ರಸ. ಆಲಿವ್, ಹುರಿದ ಬಾದಾಮಿ, ಆಂಚೊವಿ, ಆರ್ಟಿಚೋಕ್, ವಿನಿಗರ್‌ನಲ್ಲಿ ನೆನೆಸಿದ ತರಕಾರಿ, ಯಾವುದಕ್ಕೂ ಇದು ಬಗ್ಗುವುದಿಲ್ಲ. ಆಲ್ಕೊಹಾಲ್ ಶೇ. 15ರಷ್ಟಿರುತ್ತದೆ, ಆದ್ದರಿಂದ ಚಿಕ್ಕ ಗ್ಲಾಸ್‌ನಲ್ಲಿ, ಚೆನ್ನಾಗಿ ತಣ್ಣಗೆ ಕೊಡಿ. ತೆರೆದ ಬಾಟಲಿಯನ್ನು ಫ್ರಿಜ್‌ನಲ್ಲಿಟ್ಟು ವಾರದೊಳಗೆ ಮುಗಿಸಿ. ಶೆರ್ರಿ ಎಂದರೆ ವರ್ಷಗಟ್ಟಲೆ ಕಪಾಟಿನಲ್ಲಿಡಬಹುದೆಂಬ ನಂಬಿಕೆ ಫಿನೊಗೆ ಅನ್ವಯಿಸುವುದಿಲ್ಲ.

ಹರಿಸ್ಸಾ ಎಂಬ ಖಾರದ ಮೆಣಸಿನಕಾಯಿ ಚಟ್ನಿ ಇದ್ದರೆ ಆಲ್ಕೊಹಾಲ್ ಕಡಿಮೆಯಿರುವ, ತುಸು ಸಿಹಿಯ ರೀಸ್ಲಿಂಗ್ ಬಿಳಿ ವೈನ್ ನೋಡಿ. ಆಲ್ಕೊಹಾಲ್ ಏರಿದಷ್ಟೂ ಖಾರ ಉರಿಯುತ್ತದೆ. ಫೆಟಾ ಮೇಲೆ ಜೇನು ಸುರಿಯುವುದು ಈಗಿನ ಫ್ಯಾಷನ್. ತಿಂಡಿಯ ಸಿಹಿ ಎದುರು ಡ್ರೈ ವೈನ್ ಹುಳಿ ಹಿಂಡಿದಂತಾಗುತ್ತದೆ, ಜೇನನ್ನು ಪಕ್ಕದ ಬಟ್ಟಲಿನಲ್ಲಿಡಿ.

ಕೆಂಪು ವೈನೇ ಬೇಕು ಎಂದು ಹಟ ಹಿಡಿಯುವ ಒಬ್ಬರಾದರೂ ಬರುತ್ತಾರೆ. ಅವರಿಗೆ ಸಿಸಿಲಿಯ ಫ್ರಪ್ಪಾತೊ ಅಥವಾ ಫ್ರಾನ್ಸಿನ ಬೊಜೊಲೆ ಕೊಡಿ. ಎರಡರಲ್ಲೂ ಒಗರು ತೆಳು. ಬಡಿಸುವ ಮೊದಲು ಅರ್ಧ ಗಂಟೆ ಫ್ರಿಜ್‌ನಲ್ಲಿಟ್ಟು 14 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ತನ್ನಿ. ಮಾಂಚೆಗೊದಂಥ ಗಟ್ಟಿ ಕುರಿ ಚೀಸ್‌ಗೂ ಕೋಫ್ತಾಗೂ ಅದು ಸೊಗಸು. ಪೈನ್ ಮರದ ಅಂಟಿನ ವಾಸನೆಯ ಗ್ರೀಕ್ ರೆತ್ಸಿನಾ ನನಗೆ ಅಚ್ಚುಮೆಚ್ಚು. ಕರಿದ ಮೀನು, ಬೆಳ್ಳುಳ್ಳಿಯ ಜೊತೆ ಅದಕ್ಕೆ ಸಾಟಿಯಿಲ್ಲ. ಆದರೆ ಅತಿಥಿಗಳಲ್ಲಿ ಅರ್ಧದಷ್ಟು ಜನ ಮುಖ ಕಿವಿಚುತ್ತಾರೆ, ಒಂದಕ್ಕಿಂತ ಹೆಚ್ಚು ಕೊಳ್ಳಬೇಡಿ.

ಲೆಕ್ಕ ಸರಳ. 750 ಮಿ.ಲೀ. ಬಾಟಲಿಯಲ್ಲಿ 150 ಮಿ.ಲೀ.ಯ ಐದು ಗ್ಲಾಸ್. ಮೂರು ಗಂಟೆಯ ಕೂಟಕ್ಕೆ ಕುಡಿಯುವವರಿಗೆ ತಲಾ ಅರ್ಧ ಬಾಟಲಿ ಹಿಡಿದರೆ ಸಾಕು, ನೀರು ಅದಕ್ಕಿಂತ ಹೆಚ್ಚಿರಲಿ. ಬಿಳಿಗೂ ರೋಸೆಗೂ 8ರಿಂದ 12 ಡಿಗ್ರಿ ಸರಿ. ಫ್ರಿಜ್‌ನಿಂದ ಆಗಷ್ಟೇ ತೆಗೆದದ್ದಕ್ಕೆ ವಾಸನೆಯೇ ಏಳುವುದಿಲ್ಲ, ಕಾಲು ಗಂಟೆ ಹೊರಗಿಡಿ. ತಣ್ಣಗಾಗಿಸುವುದು ಮರೆತಿದ್ದರೆ ಬಕೆಟ್‌ಗೆ ಬರೀ ಮಂಜುಗಡ್ಡೆ ಹಾಕಬೇಡಿ, ನೀರನ್ನೂ ಸೇರಿಸಿ ಬಾಟಲಿಯನ್ನು ಕುತ್ತಿಗೆಯವರೆಗೆ ಮುಳುಗಿಸಿ. ಇಪ್ಪತ್ತು ನಿಮಿಷ ಸಾಕು. ಆ ಹೊತ್ತಿನಲ್ಲಿ, ಜನ ಬರುವ ಮೊದಲೇ, ಮೇಜಿನ ಅತಿ ಹುಳಿಯ ತಟ್ಟೆಯಿಂದ ಒಂದು ತುತ್ತು ತಿಂದು ಒಂದು ಗುಟುಕು ಕುಡಿದು ನೋಡಿ. ವೈನ್ ಸಪ್ಪೆಯೆನಿಸಿದರೆ ಹೊಸ ಬಾಟಲಿಗೆ ಓಡಬೇಕಿಲ್ಲ. ತಿಂಡಿಗೆ ಇನ್ನೊಂದು ಚಮಚ ಆಲಿವ್ ಎಣ್ಣೆ, ಒಂದು ಚಿಟಿಕೆ ಉಪ್ಪು ಬೆರೆಸಿ ಮತ್ತೊಮ್ಮೆ ರುಚಿ ನೋಡಿ.